ಓಜೋಕೆರೈಟ್: ನೆಲದಡಿ ಸಿಗುವ ಮೇಣದಿಂದ ಬೇಸಿಗೆ ತಡೆಯುವ ಬಾಮ್ ಮಾಡುವುದು ಹೇಗೆ

ಮನೆಯಲ್ಲೇ ಲಿಪ್ ಬಾಮ್ ಮಾಡಿಕೊಳ್ಳುವವರಿಗೆ ಏಪ್ರಿಲ್ ಬಂತೆಂದರೆ ತಲೆನೋವು ಶುರು. ಜನವರಿಯಲ್ಲಿ ಚೆನ್ನಾಗಿದ್ದ ಬಾಮ್ ಮೆತ್ತಗಾಗುತ್ತದೆ. ಮೇಲೆಲ್ಲ ಎಣ್ಣೆ ಹನಿಗಟ್ಟುತ್ತದೆ. ಬ್ಯಾಗಿನಲ್ಲಿ ಹಾಕಿಕೊಂಡು ಹೋದರೆ ಮುಚ್ಚಳದ ತುಂಬ ಅಂಟು. ಜೇನುಮೇಣ ಜಾಸ್ತಿ ಹಾಕಿದರೆ ಗಟ್ಟಿಯಾಗುತ್ತದೆ, ಆದರೆ ಹಚ್ಚುವಾಗ ತುಟಿ ಜಗ್ಗುತ್ತದೆ. ಬೆಂಗಳೂರಿನಲ್ಲೇ ಹೀಗಾದರೆ ಬಳ್ಳಾರಿ, ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಕೇಳುವುದೇ ಬೇಡ.

ಇದಕ್ಕೆ ನಾನು ಎಲ್ಲರಿಗೂ ಹೇಳುವುದು ಓಜೋಕೆರೈಟ್ ಬಳಸಿ ಅಂತ. ಇದು ನೆಲದೊಳಗೆ ತಾನಾಗಿಯೇ ಆಗುವ ಖನಿಜ ಮೇಣ. ಎಣ್ಣೆಯನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಲ್ಲಿ ಇದಕ್ಕೆ ಸಾಟಿಯಾದ ಮೇಣ ಕಡಿಮೆ. ಸ್ವಲ್ಪವೇ ಹಾಕಿದರೂ ಕೆಲಸ ಮಾಡುತ್ತದೆ. ಆದರೆ ಯಾವುದನ್ನು ಕೊಳ್ಳಬೇಕು, ಹೇಗೆ ಪರೀಕ್ಷಿಸಬೇಕು, ಎಷ್ಟು ಹಾಕಬೇಕು ಎಂಬುದು ಗೊತ್ತಿರಬೇಕು. ಅದನ್ನೆಲ್ಲ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲು ಮೇಣದ ಗುರುತು

ನೆಲದಾಳದಲ್ಲಿರುವ ಕಚ್ಚಾ ಎಣ್ಣೆ ಕೆಲವು ಕಡೆ ಬಂಡೆಯ ಬಿರುಕುಗಳಲ್ಲಿ ಮೇಲಕ್ಕೆ ಜಿನುಗುತ್ತದೆ. ಬರುಬರುತ್ತಾ ಅದರಲ್ಲಿನ ಹಗುರವಾದ ಭಾಗ ಆವಿಯಾಗಿ ಹೋಗುತ್ತದೆ. ಉಳಿದ ಭಾರದ ಭಾಗ ಬಿರುಕಿನಲ್ಲೇ ಹೆಪ್ಪುಗಟ್ಟಿ ಮೇಣವಾಗುತ್ತದೆ. ಹೀಗಾಗಿ ಓಜೋಕೆರೈಟ್ ಗಣಿಯಲ್ಲಿ ಪದರ ಪದರವಾಗಿ, ನರದಂತೆ ಕವಲೊಡೆದುಕೊಂಡು ಸಿಗುತ್ತದೆ. ಕಚ್ಚಾ ಮೇಣದ ಬಣ್ಣ ಹಳದಿ ಮಿಶ್ರಿತ ಕಂದಿನಿಂದ ಹಿಡಿದು ಕಪ್ಪಿನವರೆಗೆ ಇರುತ್ತದೆ. ಕೆಲವು ತುಂಡುಗಳಲ್ಲಿ ಹಸಿರು ಛಾಯೆಯೂ ಕಾಣುತ್ತದೆ. ಮೂಗಿನ ಹತ್ತಿರ ಹಿಡಿದರೆ ಸಣ್ಣಗೆ ಸೀಮೆಎಣ್ಣೆ ವಾಸನೆ.

ಇದಕ್ಕೆ ಜಗತ್ತಿನಲ್ಲೇ ಹೆಸರಾದ ಊರು ಬೋರಿಸ್ಲಾವ್. ಕಾರ್ಪೇಥಿಯನ್ ಬೆಟ್ಟಗಳ ತಪ್ಪಲಲ್ಲಿದೆ. ಈಗ ಉಕ್ರೇನ್‌ನ ಲ್ವಿವ್ ಪ್ರಾಂತ್ಯಕ್ಕೆ ಸೇರಿದೆ. 19ನೇ ಶತಮಾನದಲ್ಲಿ ಇದು ಆಸ್ಟ್ರಿಯಾದ ಆಡಳಿತದಲ್ಲಿದ್ದ ಗಲೀಷಿಯಾದ ಭಾಗವಾಗಿತ್ತು. ಆಗ ಅಲ್ಲಿ ಸಾವಿರಾರು ಸಣ್ಣ ಸಣ್ಣ ಬಾವಿಗಳನ್ನು ಕೈಯಲ್ಲೇ ತೋಡುತ್ತಿದ್ದರು. ಕೆಲಸದವನು ಹಗ್ಗ ಹಿಡಿದು ಕೆಳಗಿಳಿಯುತ್ತಿದ್ದ. ಮೇಲೆ ನಿಂತವರು ರಾಟೆ ತಿರುಗಿಸಿ ಮಣ್ಣು, ಮೇಣ ಎಳೆದುಕೊಳ್ಳುತ್ತಿದ್ದರು. ಇನ್ನೊಬ್ಬ ಕೈಯಿಂದ ತಿರುಗಿಸುವ ಪಂಕದಿಂದ ಒಳಗೆ ಗಾಳಿ ಊದುತ್ತಿದ್ದ. ಕೆಳಗೆ ಉರಿಯುವ ಗ್ಯಾಸ್ ಇರುತ್ತಿತ್ತು. ಅದು ಹೊತ್ತಿಕೊಂಡು, ಇಲ್ಲವೇ ಉಸಿರುಕಟ್ಟಿ ಸತ್ತವರು ಬಹಳ ಮಂದಿ. ಮೆತ್ತಗಿನ ಮೇಣ ಭೂಮಿಯ ಒತ್ತಡಕ್ಕೆ ತಾನೇ ಉಕ್ಕಿ ಬಾವಿ ತುಂಬಿಕೊಂಡದ್ದೂ ಉಂಟು. ಆಮೇಲೆ ದೊಡ್ಡ ಕಂಪನಿಗಳು ಬಂದವು. ವಿದ್ಯುತ್ತಿನಿಂದ ಗಾಳಿಯಾಡಿಸುವ, ಇನ್ನೂರು ಮೀಟರಿಗೂ ಆಳದ ಗಣಿಗಳಾದವು. ಅಮೆರಿಕದ ಯೂಟಾ ರಾಜ್ಯದ ಸೋಲ್ಜರ್ ಸಮಿಟ್ ಸುತ್ತಮುತ್ತ, ಕ್ಯಾಸ್ಪಿಯನ್ ತೀರದ ಚೆಲೆಕೆನ್‌ನಲ್ಲಿ, ರುಮೇನಿಯಾದ ಸ್ಲೆನಿಕ್‌ನಲ್ಲಿ ಕೂಡ ಈ ಮೇಣ ಸಿಕ್ಕಿದೆ.

ಗಣಿಯಿಂದ ಬಂದದ್ದನ್ನು ಶುದ್ಧ ಮಾಡುವ ರೀತಿ ಸರಳ. ಮಣ್ಣು ಮೆತ್ತಿದ ಮೇಣವನ್ನು ದೊಡ್ಡ ಕೊಪ್ಪರಿಗೆಯಲ್ಲಿ ನೀರಿನ ಜೊತೆ ಕುದಿಸುತ್ತಿದ್ದರು. ಮಣ್ಣು ತಳಕ್ಕೆ, ಮೇಣ ಮೇಲಕ್ಕೆ. ತೇಲಿದ ಮೇಣವನ್ನು ತೆಗೆದು, ನೀರಿಲ್ಲದೆ ಮತ್ತೊಮ್ಮೆ ಕರಗಿಸಿ, ಕಸ ಕೆನೆ ತೆಗೆದು ಅಚ್ಚಿಗೆ ಸುರಿಯುತ್ತಿದ್ದರು. ಇದನ್ನೇ ಗಂಧಕಾಮ್ಲದಿಂದ ಸಂಸ್ಕರಿಸಿ, ಇದ್ದಿಲಿನಲ್ಲಿ ಸೋಸಿ ಬಿಳಿ ಮಾಡಿದರೆ ಸಿಗುವುದು ಸೆರೆಸಿನ್. ಈ ಎರಡು ಹೆಸರನ್ನೂ ನೆನಪಿಡಿ, ಅಂಗಡಿಯಲ್ಲಿ ಎರಡೂ ಎದುರಾಗುತ್ತವೆ.

ಒಂದು ಕಾಲಕ್ಕೆ ಇದರ ಬಳಕೆ ತುಂಬ ದೊಡ್ಡದಾಗಿತ್ತು. ಬಿಸಿಗೆ ಬಾಗದ ಒಳ್ಳೆಯ ಮೇಣದಬತ್ತಿ ಮಾಡುತ್ತಿದ್ದರು. ಬಟ್ಟಿ ಇಳಿಸಿದಾಗ ಉಳಿಯುವ ಕರಿ ಮೇಣವನ್ನು ರಬ್ಬರಿನ ಜೊತೆ ಬೆರೆಸಿ ವಿದ್ಯುತ್ ತಂತಿಗೆ ಹೊದಿಕೆ ಮಾಡಿದರು. ಗಾಜನ್ನೇ ತಿಂದುಹಾಕುವ ಹೈಡ್ರೋಫ್ಲೋರಿಕ್ ಆಮ್ಲವನ್ನು ಪ್ಲಾಸ್ಟಿಕ್ ಬರುವ ಮೊದಲು ಸೆರೆಸಿನ್ ಬಾಟಲಿಗಳಲ್ಲಿ ಇಡುತ್ತಿದ್ದರು. ಯಾವ ಆಮ್ಲಕ್ಕೂ ಸುಲಭವಾಗಿ ಜಗ್ಗದ ಮೇಣ ಇದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ ಅಲ್ವಾ?

ಕೊಳ್ಳುವಾಗ ಏನು ಕೇಳಬೇಕು

ಇದೇ ಎಲ್ಲಕ್ಕಿಂತ ಮುಖ್ಯ ಭಾಗ. ಪೆಟ್ರೋಲಿಯಂ ಸಂಸ್ಕರಣೆಯಿಂದ ಅಗ್ಗದ ಮೇಣ ಬರತೊಡಗಿದ ಮೇಲೆ ಗಣಿಯ ಓಜೋಕೆರೈಟ್ ಬಹಳ ಕಡಿಮೆಯಾಯಿತು. ಇವತ್ತು ಕಾಸ್ಮೆಟಿಕ್ ಕಚ್ಚಾವಸ್ತು ಮಾರುವವರಲ್ಲಿ ಓಜೋಕೆರೈಟ್ ಎಂಬ ಹೆಸರಿನಲ್ಲಿ ಸಿಗುವ ಬಿಳಿ ಹರಳುಗಳಲ್ಲಿ ಹೆಚ್ಚಿನವು ಪ್ಯಾರಾಫಿನ್ ಮತ್ತು ಮೈಕ್ರೋಕ್ರಿಸ್ಟಲೈನ್ ಮೇಣಗಳ ಮಿಶ್ರಣ. ಓಜೋಕೆರೈಟ್‌ನ ಗುಣಕ್ಕೆ ಸರಿಹೊಂದುವಂತೆ ಬೆರೆಸಿರುತ್ತಾರೆ. ಸೆರೆಸಿನ್ ಕಥೆಯೂ ಅದೇ. ಬಾಮ್ ಮಾಡುವುದಕ್ಕೆ ಇದು ಅಡ್ಡಿಯಲ್ಲ. ಚೆನ್ನಾಗಿ ಬೆರೆಸಿದ್ದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ‘ಗಣಿಯಿಂದ ತೆಗೆದ ಶುದ್ಧ ನೈಸರ್ಗಿಕ ಮೇಣ’ ಎಂದು ದುಪ್ಪಟ್ಟು ಬೆಲೆ ಹೇಳಿದರೆ ಕಾಗದಪತ್ರ ಕೇಳಿ. ಗಣಿಯದ್ದೋ ಮಿಶ್ರಣವೋ ಎಂದು ಮನೆಯಲ್ಲಿ ಕಂಡುಹಿಡಿಯಲು ಆಗುವುದಿಲ್ಲ.

ಮಾರುವವರ ಹತ್ತಿರ ನಾಲ್ಕು ವಿಷಯ ಕೇಳಿ. ಇದು ಕಾಸ್ಮೆಟಿಕ್ ಗ್ರೇಡ್ ಹೌದೋ ಅಲ್ಲವೋ? ಕರಗುವ ಬಿಸಿ ಎಷ್ಟು ಡಿಗ್ರಿ? ಆ ಬ್ಯಾಚಿನ ಪರೀಕ್ಷಾ ವರದಿ ಕೊಡುತ್ತೀರಾ? ಯಾವ ಯಾವ ಮೇಣಗಳ ಮಿಶ್ರಣ? ಮೊದಲ ಪ್ರಶ್ನೆಗೆ ಸರಿಯಾದ ಉತ್ತರ ಬರದಿದ್ದರೆ ಅಲ್ಲಿ ಕೊಳ್ಳಬೇಡಿ. ತುಟಿಗೆ ಹಚ್ಚಿದ್ದು ಸ್ವಲ್ಪ ಹೊಟ್ಟೆಗೂ ಹೋಗುತ್ತದೆ. ಪಾಲಿಶ್‌ಗೆ, ಶಾಯಿಗೆ, ಟೈರಿಗೆ ಬಳಸುವ ಗ್ರೇಡ್ ಅಷ್ಟು ಶುದ್ಧವಾಗಿರುವುದಿಲ್ಲ. ಅದು ತುಟಿಗೆ ಖಂಡಿತ ಬೇಡ. ಕಂದು ಬಣ್ಣದ, ವಾಸನೆ ಬರುವ ಕಚ್ಚಾ ಮೇಣವೂ ಅಷ್ಟೇ.

ಕರಗುವ ಬಿಸಿ ಯಾಕೆ ಕೇಳಬೇಕೆಂದರೆ, ಓಜೋಕೆರೈಟ್ ಒಂದೇ ಬಿಸಿಗೆ ಕರಗುವ ವಸ್ತುವಲ್ಲ. ಕಚ್ಚಾ ಮೇಣದಲ್ಲಿ ಇದು 58 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುಪೇರಾಗುತ್ತದೆ. ಬಾಮ್‌ಗೆ 70ರಿಂದ 78ರ ನಡುವಿನದು ಚೆನ್ನ. ಅದಕ್ಕಿಂತ ಕಡಿಮೆ ಇದ್ದರೆ ಬಿಸಿಲು ತಡೆಯುವುದಿಲ್ಲ. ತೀರಾ ಹೆಚ್ಚಿದ್ದರೆ ಬಾಮ್ ಬಿರುಸಾಗುತ್ತದೆ. ಹೋಲಿಕೆಗೆ ಹೇಳುವುದಾದರೆ ಜೇನುಮೇಣ 62ರಿಂದ 64 ಡಿಗ್ರಿಯಲ್ಲಿ ಕರಗುತ್ತದೆ. ಮೇಣದಬತ್ತಿಯ ಪ್ಯಾರಾಫಿನ್ ಇನ್ನೂ ಕಡಿಮೆಗೆ.

ಮೊದಲ ಸಲಕ್ಕೆ ನೂರು ಗ್ರಾಂ ಸಾಕು. ಕಿಲೋಗಟ್ಟಲೆ ತರಿಸಬೇಡಿ.

ಮನೆಯಲ್ಲೇ ಎರಡು ಪರೀಕ್ಷೆ

ಪ್ಯಾಕೆಟ್ ಬಂದ ತಕ್ಷಣ ಒಂದು ಹರಳನ್ನು ಬೆರಳಲ್ಲಿ ಒತ್ತಿ ನೋಡಿ. ಪ್ಯಾರಾಫಿನ್ ಆದರೆ ಉಗುರು ಹಾಕಿದ ಕೂಡಲೇ ಚಕ್ಕೆ ಏಳುತ್ತದೆ, ಮುರಿಯುತ್ತದೆ. ಓಜೋಕೆರೈಟ್ ಸ್ವಲ್ಪ ಬಗ್ಗುತ್ತದೆ. ಅಂಗೈಯ ಬಿಸಿಗೆ ಮೆಲ್ಲಗೆ ನಾದಲೂ ಬರುತ್ತದೆ. ಇದು ಅಂದಾಜು ಮಾತ್ರ. ಮುಂದಿನ ಎರಡು ಪರೀಕ್ಷೆ ಹೆಚ್ಚು ನಂಬಿಕೆಗೆ ತಕ್ಕವು.

ಮೊದಲನೆಯದು ಕರಗುವ ಬಿಸಿಯ ಪರೀಕ್ಷೆ. ಅಡುಗೆಗೆ ಬಳಸುವ ಡಿಜಿಟಲ್ ಥರ್ಮಾಮೀಟರ್ ಸಾಕು. ಸ್ವಲ್ಪ ಮೇಣ ಕರಗಿಸಿ, ಥರ್ಮಾಮೀಟರಿನ ತುದಿಯನ್ನು ಅದರಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ತುದಿಯ ಮೇಲೆ ತೆಳುವಾದ ಬಿಳಿ ಪೊರೆ ಕಟ್ಟುತ್ತದೆ. ಅದು ಪೂರ್ತಿ ಆರಲಿ. ಆಮೇಲೆ ಗಾಜಿನ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು, ಥರ್ಮಾಮೀಟರನ್ನು ಅದರೊಳಗೆ ಹಿಡಿದು, ನೀರನ್ನು ಬಹಳ ನಿಧಾನವಾಗಿ ಬಿಸಿ ಮಾಡಿ. ನಿಮಿಷಕ್ಕೆ ಒಂದೆರಡು ಡಿಗ್ರಿಗಿಂತ ಜಾಸ್ತಿ ಏರಬಾರದು. ಕಣ್ಣು ತುದಿಯ ಮೇಲೇ ಇರಲಿ. ಮೊದಲು ಬಿಳಿ ಪೊರೆ ಅಂಚಿನಲ್ಲಿ ಗಾಜಿನಂತೆ ತಿಳಿಯಾಗುತ್ತದೆ. ಆಮೇಲೆ ಒಂದು ಸಣ್ಣ ಹನಿ ಕಳಚಿಕೊಂಡು ನೀರಿನಲ್ಲಿ ಮೇಲಕ್ಕೆ ತೇಲುತ್ತದೆ. ಆ ಕ್ಷಣದ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಅದೇ ನಿಮ್ಮ ಮೇಣ ಕರಗುವ ಬಿಸಿ. ಮಾರಿದವರು 75 ಎಂದು ಹೇಳಿ ನಿಮ್ಮಲ್ಲಿ 58ಕ್ಕೇ ಹನಿ ಎದ್ದರೆ ಅದು ಬರೀ ಪ್ಯಾರಾಫಿನ್ ಇರಬಹುದು. ವಾಪಸ್ ಕಳಿಸಿ.

ಎರಡನೆಯದು ಎಣ್ಣೆ ಹಿಡಿಯುವ ಪರೀಕ್ಷೆ. ನನಗೆ ಇದು ತುಂಬ ಇಷ್ಟ, ಯಾಕೆಂದರೆ ಮೇಣದ ಗುಣ ಕಣ್ಣಿಗೇ ಕಾಣುತ್ತದೆ. 2 ಗ್ರಾಂ ಓಜೋಕೆರೈಟ್, 8 ಗ್ರಾಂ ಎಳ್ಳೆಣ್ಣೆ ಸೇರಿಸಿ ಕರಗಿಸಿ, ಸಣ್ಣ ಮುಚ್ಚಳಕ್ಕೆ ಸುರಿದು ಗಟ್ಟಿಯಾಗಲು ಬಿಡಿ. ಪಕ್ಕದಲ್ಲೇ ಇನ್ನೊಂದು ಮುಚ್ಚಳದಲ್ಲಿ ಅದೇ ಅಳತೆಗೆ ಮಾಮೂಲಿ ಮೇಣದಬತ್ತಿಯ ಚೂರು ಹಾಕಿ ಮಾಡಿ. ಎರಡೂ ಬಿಲ್ಲೆಗಳನ್ನು ಹಳೆಯ ನ್ಯೂಸ್‌ಪೇಪರ್ ಮೇಲೆ ಬೋರಲು ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎತ್ತಿ ನೋಡಿದರೆ ಮೇಣದಬತ್ತಿಯ ಬಿಲ್ಲೆಯ ಸುತ್ತ ಕಾಗದ ಅಗಲವಾಗಿ ಎಣ್ಣೆ ಕುಡಿದಿರುತ್ತದೆ. ಓಜೋಕೆರೈಟ್ ಬಿಲ್ಲೆಯ ಸುತ್ತ ಆ ಕಲೆ ಚಿಕ್ಕದಿರಬೇಕು. ಪ್ಯಾರಾಫಿನ್ ಗಟ್ಟಿಯಾಗುವಾಗ ದೊಡ್ಡ ದೊಡ್ಡ ಹಾಳೆಯಂಥ ಹರಳುಗಳಾಗುತ್ತವೆ, ನಡುವಿನ ಸಂದಿಯಲ್ಲಿ ಎಣ್ಣೆ ಜಾರಿ ಹೋಗುತ್ತದೆ. ಓಜೋಕೆರೈಟ್‌ನ ಹರಳು ತುಂಬ ಸಣ್ಣವು, ಒತ್ತೊತ್ತಾಗಿ ಕೂರುತ್ತವೆ. ಎಣ್ಣೆ ಅವುಗಳ ನಡುವೆ ಸಿಕ್ಕಿಕೊಂಡು ಅಲ್ಲೇ ಉಳಿಯುತ್ತದೆ. ಬಾಮ್ ಬೇಸಿಗೆಯಲ್ಲಿ ಬೆವರದೆ ಇರುವುದು ಇದರಿಂದಲೇ.

ಲಿಪ್ ಬಾಮ್: ಸಾಮಾನು ಮತ್ತು ಅಳತೆ

ಈ ಅಳತೆಗೆ ಒಟ್ಟು 50 ಗ್ರಾಂ ಆಗುತ್ತದೆ. 5 ಗ್ರಾಂ ಹಿಡಿಯುವ ಟ್ಯೂಬ್ ಹತ್ತು ತುಂಬುತ್ತವೆ.

ಓಜೋಕೆರೈಟ್ 8 ಗ್ರಾಂ
ಜೇನುಮೇಣ 4 ಗ್ರಾಂ
ಮುರುಗಲು ತುಪ್ಪ 6 ಗ್ರಾಂ
ಕೊಬ್ಬರಿ ಎಣ್ಣೆ 14 ಗ್ರಾಂ
ಎಳ್ಳೆಣ್ಣೆ 18 ಗ್ರಾಂ
ವಿಟಮಿನ್ ಇ ಕ್ಯಾಪ್ಸೂಲ್ ಒಂದು

ಮುರುಗಲು ತುಪ್ಪ ಅಂದರೆ ದಕ್ಷಿಣ ಕನ್ನಡದವರ ಪುನರ್ಪುಳಿ ತುಪ್ಪ. ಕೋಕಂ ಬಟರ್ ಅಂತ ದುಬಾರಿಗೆ ಮಾರುವುದೂ ಇದನ್ನೇ. ಉತ್ತರ ಕನ್ನಡ, ಮಲೆನಾಡಿನ ಮನೆಗಳಲ್ಲಿ ಒಡೆದ ತುಟಿಗೆ, ಹಿಮ್ಮಡಿಗೆ ಹಚ್ಚುವುದು ಹಿಂದಿನಿಂದ ಇದೆ. ಬೀಜದಿಂದ ತೆಗೆದ ಇದು ಕೋಣೆಯ ಬಿಸಿಗೆ ಗಟ್ಟಿಯಾಗಿಯೇ ಇದ್ದು ಮೈಗೆ ತಾಗಿದಾಗ ಕರಗುತ್ತದೆ. ನಿಮ್ಮೂರಿನ ಕಡೆ ಸಿಕ್ಕರೆ ಅದನ್ನೇ ಬಳಸಿ. ಸಿಗದಿದ್ದರೆ ಶಿಯಾ ಬಟರ್ ಹಾಕಬಹುದು, ಆದರೆ ಅದು ಆರುವಾಗ ಕೆಲವೊಮ್ಮೆ ರವೆ ರವೆಯಾಗುತ್ತದೆ.

ಜೇನುಮೇಣವನ್ನು ಪೂರ್ತಿ ಬಿಡಬೇಡಿ. ಓಜೋಕೆರೈಟ್ ಗಟ್ಟಿತನ ಕೊಡುತ್ತದೆ, ಎಣ್ಣೆ ಹಿಡಿಯುತ್ತದೆ. ಚರ್ಮಕ್ಕೆ ಅಂಟಿ ನಿಲ್ಲುವ ಗುಣ ಜೇನುಮೇಣದ್ದು. ಉತ್ತರ ಕರ್ನಾಟಕದಲ್ಲಿ ಹೆಂಗಸರು ಹಣೆಗೆ ಮೊದಲು ಮೇಣ ಹಚ್ಚಿ ಆಮೇಲೆ ಕುಂಕುಮ ಇಟ್ಟುಕೊಳ್ಳುತ್ತಿದ್ದದ್ದು ಆ ಅಂಟಿನ ಗುಣಕ್ಕಾಗಿಯೇ.

ಹರಳೆಣ್ಣೆ ಹಾಕಬಹುದಾ ಅಂತ ತುಂಬ ಜನ ಕೇಳುತ್ತಾರೆ. ಹರಳೆಣ್ಣೆಗೂ ಖನಿಜ ಮೇಣಕ್ಕೂ ಅಷ್ಟಾಗಿ ಹೊಂದುವುದಿಲ್ಲ. ಹರಳೆಣ್ಣೆಯೇ ಹೆಚ್ಚಾದರೆ ಆರುವಾಗ ಮೇಣ ಬೇರೆಯಾಗಿ ಗಂಟು ಗಂಟಾಗುತ್ತದೆ. ಹೊಳಪು ಬೇಕೇ ಬೇಕು ಎನ್ನುವವರು ಎಳ್ಳೆಣ್ಣೆಯ 18 ಗ್ರಾಂನಲ್ಲಿ 3 ಗ್ರಾಂ ಮಾತ್ರ ಹರಳೆಣ್ಣೆ ಮಾಡಿಕೊಳ್ಳಿ. ಎಳ್ಳು ಆಗದವರು ಅದರ ಬದಲು ಸೂರ್ಯಕಾಂತಿ ಎಣ್ಣೆ ಬಳಸಿ.

ಪಾತ್ರೆ, ಚಮಚ, ಟ್ಯೂಬ್ ಎಲ್ಲವೂ ಒಣಗಿರಬೇಕು. ಒಂದು ಹನಿ ನೀರೂ ಇರಬಾರದು. 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕೇ ಬೇಕು. ಚಮಚದ ಲೆಕ್ಕದಲ್ಲಿ ಮೇಣ ಅಳೆಯಲು ಹೋಗಬೇಡಿ, ಹರಳಿನ ಗಾತ್ರ ಬದಲಾದರೆ ಅಳತೆಯೇ ತಪ್ಪುತ್ತದೆ.

ಮಾಡುವ ಕ್ರಮ

ಹಂತ 1. ಅಗಲವಾದ ಪಾತ್ರೆಯಲ್ಲಿ ಎರಡು ಬೆರಳು ನೀರು ಹಾಕಿ ಗ್ಯಾಸ್ ಮೇಲಿಡಿ. ಅದರೊಳಗೆ ಮೂತಿ ಇರುವ ಸಣ್ಣ ಸ್ಟೀಲ್ ಪಾತ್ರೆ ಇಡಿ. ಅಡಿಗೆ ಒಂದು ಸಣ್ಣ ತಟ್ಟೆ ಅಥವಾ ಮಡಚಿದ ಬಟ್ಟೆ ಇದ್ದರೆ ಪಾತ್ರೆ ಕುಣಿಯುವುದಿಲ್ಲ. ಮೇಣವನ್ನು ಯಾವತ್ತೂ ನೇರವಾಗಿ ಉರಿಯ ಮೇಲೆ ಇಡಬಾರದು. ನೀರಿನ ಬಿಸಿ ನೂರು ಡಿಗ್ರಿ ದಾಟುವುದಿಲ್ಲ. ಬೆಂಗಳೂರಿನಷ್ಟು ಎತ್ತರದಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಈ ಮೇಣ ಕರಗಲು ಅಷ್ಟು ಸಾಕು, ಹೊಗೆಯಾಡುವ ಭಯವೂ ಇಲ್ಲ.

ಹಂತ 2. ಓಜೋಕೆರೈಟ್ ಮತ್ತು ಎಳ್ಳೆಣ್ಣೆಯನ್ನು ಮೊದಲು ಒಳಪಾತ್ರೆಗೆ ಹಾಕಿ. ಹೆಚ್ಚು ಬಿಸಿಗೆ ಕರಗುವುದು ಮೊದಲು ಹೋಗಬೇಕು. ಸಣ್ಣ ಉರಿ ಇರಲಿ. ಹರಳುಗಳು ಮೊದಲು ಅಂಚಿನಲ್ಲಿ ಮಸುಕಾಗಿ, ಆಮೇಲೆ ಎಣ್ಣೆಯೊಳಗೆ ಕಾಣದಂತಾಗುತ್ತವೆ. ಒಂದು ಹರಳೂ ಉಳಿಯದೆ ತಿಳಿಯಾಗುವವರೆಗೆ ಕಾಯಿರಿ. ಅವಸರ ಮಾಡಿದರೆ ಕರಗದ ಚೂರು ಬಾಮ್‌ನಲ್ಲಿ ಮರಳಿನಂತೆ ಸಿಗುತ್ತದೆ.

ಹಂತ 3. ಈಗ ಜೇನುಮೇಣ ಹಾಕಿ. ಅದು ಕರಗಿದ ಮೇಲೆ ಕೊಬ್ಬರಿ ಎಣ್ಣೆ, ಮುರುಗಲು ತುಪ್ಪ ಹಾಕಿ ಒಣ ಚಮಚದಿಂದ ಮೆಲ್ಲಗೆ ಕಲಕಿ. ಜೋರಾಗಿ ಕಲಕಿದರೆ ಗಾಳಿಗುಳ್ಳೆ ಸೇರುತ್ತದೆ.

ಹಂತ 4. ಸುರಿಯುವ ಮೊದಲು ಗಟ್ಟಿತನ ನೋಡಿ. ಫ್ರಿಜ್‌ನಲ್ಲಿಟ್ಟ ಸ್ಟೀಲ್ ಚಮಚವನ್ನು ಒರೆಸಿ, ಅದರ ಮೇಲೆ ನಾಲ್ಕು ಹನಿ ಬಿಡಿ. ಗಟ್ಟಿಯಾದ ಮೇಲೆ ಚಮಚ ಕೋಣೆಯ ಬಿಸಿಗೆ ಬರುವವರೆಗೆ ಕಾದು, ಬೆರಳಿನಿಂದ ಉಜ್ಜಿ. ಬೆರಳು ಸರಾಗವಾಗಿ ಜಾರಿ, ತೆಳುವಾದ ಪದರ ಬಂದರೆ ಸರಿ. ಒತ್ತಿದರೂ ಬರದಿದ್ದರೆ ಎಳ್ಳೆಣ್ಣೆ 2 ಗ್ರಾಂ ಸೇರಿಸಿ. ಬೆಣ್ಣೆಯಂತೆ ಕುಸಿದರೆ ಓಜೋಕೆರೈಟ್ ಅರ್ಧ ಗ್ರಾಂ ಸೇರಿಸಿ ಮತ್ತೆ ಕರಗಿಸಿ. ಕಲಬುರಗಿ ಕಡೆಯವರು ಮೇ ತಿಂಗಳಿಗೆ ಅಂತ ಮಾಡುವಾಗ ಮೊದಲೇ 9 ಗ್ರಾಂ ಹಾಕಿಕೊಳ್ಳಬಹುದು. ಮಡಿಕೇರಿಯ ಚಳಿಗೆ 6 ಗ್ರಾಂ ಸಾಕು. ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಅಂತ ಇಲ್ಲ. ಮೇಣ ಮಿತಿ ಮೀರಿದರೆ ತುಟಿಯ ಮೇಲೆ ಬಿಳಿ ಪದರ ಕೂರುತ್ತದೆ, ಹಚ್ಚಿದ ಸುಖವೇ ಇರುವುದಿಲ್ಲ.

ಹಂತ 5. ಉರಿ ಆರಿಸಿ. ಒಳಪಾತ್ರೆಯನ್ನು ಇಕ್ಕಳದಿಂದ ಎತ್ತಿ, ತಳಕ್ಕೆ ಅಂಟಿದ ನೀರನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ. ಇಲ್ಲವಾದರೆ ಸುರಿಯುವಾಗ ಆ ನೀರೇ ಟ್ಯೂಬಿಗೆ ಬೀಳುತ್ತದೆ. ಬಿಸಿ 75 ಡಿಗ್ರಿಗೆ ಇಳಿದಾಗ ವಿಟಮಿನ್ ಇ ಕ್ಯಾಪ್ಸೂಲನ್ನು ಸೂಜಿಯಿಂದ ಚುಚ್ಚಿ ಹಿಂಡಿ. ಇದು ಎಣ್ಣೆ ಬೇಗ ಕಮಟದಂತೆ ನೋಡಿಕೊಳ್ಳುತ್ತದೆ. ಪರಿಮಳಕ್ಕೆ ಏನೂ ಹಾಕದಿದ್ದರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಒಡೆದ ತುಟಿಗೆ ಪುದೀನ ಎಣ್ಣೆ, ದಾಲ್ಚಿನ್ನಿ ಎಣ್ಣೆ ಉರಿಯುತ್ತವೆ.

ಹಂತ 6. 70 ಡಿಗ್ರಿಯ ಆಸುಪಾಸಿನಲ್ಲಿ ಟ್ಯೂಬಿಗೆ ಸುರಿಯಿರಿ. ಟ್ಯೂಬುಗಳನ್ನು ಒಂದು ಲೋಟದಲ್ಲಿ ಒತ್ತಾಗಿ ನಿಲ್ಲಿಸಿಕೊಂಡರೆ ಬೀಳುವುದಿಲ್ಲ. ಮುಕ್ಕಾಲು ಭಾಗ ತುಂಬಿಸಿ ಒಂದೆರಡು ನಿಮಿಷ ಬಿಡಿ. ಮೇಣ ಆರುವಾಗ ಕುಗ್ಗುತ್ತದೆ, ಹಾಗಾಗಿ ನಡುವೆ ಒಂದು ಸಣ್ಣ ಗುಳಿ ಬೀಳುತ್ತದೆ. ಮೇಲ್ಭಾಗ ಪೂರ್ತಿ ಗಟ್ಟಿಯಾಗುವ ಮೊದಲೇ ಉಳಿದದ್ದನ್ನು ಸುರಿದು ಮೇಲೆ ಸ್ವಲ್ಪ ಉಬ್ಬುವಂತೆ ಮಾಡಿ.

ಹಂತ 7. ಮುಚ್ಚಳ ಹಾಕಬೇಡಿ. ತೆಳು ಬಟ್ಟೆ ಮುಚ್ಚಿ ರಾತ್ರಿಯಿಡೀ ಹೊರಗೇ ಇಡಿ. ಫ್ರಿಜ್‌ಗೆ ಇಟ್ಟರೆ ಹೊರಗೆ ಬೇಗ ಗಟ್ಟಿಯಾಗಿ ಒಳಗೆ ಬಿರುಕು ಬಿಡುತ್ತದೆ, ಹೊರತೆಗೆದಾಗ ಮೇಲೆ ನೀರೂ ಕಟ್ಟುತ್ತದೆ. ಮಾರನೆಯ ದಿನ ಮುಚ್ಚಳ ಹಾಕಿ, ತಾರೀಖು ಬರೆದ ಚೀಟಿ ಅಂಟಿಸಿ.

ಬಳಸುವ ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಕೆಂಪಾದರೆ, ತುರಿಸಿದರೆ ಬಳಸಬೇಡಿ.

ಇದರಲ್ಲಿ ನೀರಿಲ್ಲ, ಹಾಗಾಗಿ ಬೂಸ್ಟು ಹಿಡಿಯುವ ಹೆದರಿಕೆ ಇಲ್ಲ. ಕೆಡುವುದು ಎಣ್ಣೆ. ಆರು ತಿಂಗಳೊಳಗೆ ಮುಗಿಸಿ. ಕಮಟು ವಾಸನೆ ಬಂದರೆ ಎಸೆಯಿರಿ.

ಮಾರುವ ಯೋಚನೆ ಇದ್ದರೆ ಒಂದು ಮಾತು. ನಮ್ಮ ದೇಶದಲ್ಲಿ ಕಾಸ್ಮೆಟಿಕ್ ತಯಾರಿಸಿ ಮಾರಲು ಪರವಾನಗಿ ಬೇಕು. 2020ರ ಕಾಸ್ಮೆಟಿಕ್ಸ್ ನಿಯಮಗಳು ಮನೆಯಲ್ಲಿ ಮಾಡಿ ಮಾರುವವರಿಗೂ ಅನ್ವಯಿಸುತ್ತವೆ. ಮನೆಯವರಿಗೆ, ಗೆಳತಿಯರಿಗೆ ಸುಮ್ನೆ ಕೊಡುವುದು ಬೇರೆ, ಹಣ ತೆಗೆದುಕೊಳ್ಳುವುದು ಬೇರೆ.

ಹಿಮ್ಮಡಿಗೆ, ಚಪ್ಪಲಿಗೆ

ಒಡೆದ ಹಿಮ್ಮಡಿಗೆ ಟ್ಯೂಬಿನಷ್ಟು ಗಟ್ಟಿ ಬೇಡ. ಡಬ್ಬಿಯಿಂದ ಬೆರಳಲ್ಲಿ ತೆಗೆಯುವಂತಿರಬೇಕು. ಓಜೋಕೆರೈಟ್ 5 ಗ್ರಾಂ, ಮುರುಗಲು ತುಪ್ಪ 15 ಗ್ರಾಂ, ಕೊಬ್ಬರಿ ಎಣ್ಣೆ 10 ಗ್ರಾಂ, ಎಳ್ಳೆಣ್ಣೆ 20 ಗ್ರಾಂ. ಮಾಡುವ ಕ್ರಮ ಅದೇ. ರಾತ್ರಿ ಕಾಲು ತೊಳೆದು, ಸ್ವಲ್ಪ ಹಸಿ ಇರುವಾಗಲೇ ಹಚ್ಚಿ ಕಾಲುಚೀಲ ಹಾಕಿಕೊಳ್ಳಿ. ಮೇಣ ಚರ್ಮಕ್ಕೆ ನೀರು ಕೊಡುವುದಿಲ್ಲ, ಇದ್ದ ನೀರು ಆರದಂತೆ ತಡೆಯುತ್ತದೆ. ಒಣಗಿದ ಕಾಲಿಗೆ ಹಚ್ಚಿದರೆ ಅರ್ಧ ಪ್ರಯೋಜನವೂ ಇಲ್ಲ. ಬಿರುಕಿನಿಂದ ರಕ್ತ, ಕೀವು ಬರುತ್ತಿದ್ದರೆ ಬಾಮ್ ಹಚ್ಚಬೇಡಿ, ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇರುವವರು ಕಾಲಿನ ವಿಷಯದಲ್ಲಿ ಸ್ವಂತ ಪ್ರಯೋಗ ಮಾಡಲೇಬಾರದು.

ಚರ್ಮದ ಚಪ್ಪಲಿಗೆ ಬೇರೆ ಮಿಶ್ರಣ. ನಮ್ಮ ಅಥಣಿ, ನಿಪ್ಪಾಣಿ ಕಡೆ ಮಾಡುವ ಕೊಲ್ಹಾಪುರಿ ಚಪ್ಪಲಿಗಳ ಚರ್ಮ ಗಿಡಮೂಲದ ತೊಗಟೆ, ಕಾಯಿಗಳಿಂದ ಹದ ಮಾಡಿದ್ದು. ಒಣಗಿದರೆ ಬಿರಿಯುತ್ತದೆ, ನೆನೆದರೆ ಆಕಾರ ಕೆಡುತ್ತದೆ. ಓಜೋಕೆರೈಟ್ 20 ಗ್ರಾಂ, ಜೇನುಮೇಣ 10 ಗ್ರಾಂ, ಮೆಡಿಕಲ್ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ 70 ಗ್ರಾಂ ಒಟ್ಟಿಗೆ ಕರಗಿಸಿ ಡಬ್ಬಿಗೆ ಸುರಿಯಿರಿ. ಖನಿಜ ಎಣ್ಣೆಗೂ ಈ ಮೇಣಕ್ಕೂ ಚೆನ್ನಾಗಿ ಹೊಂದುತ್ತದೆ. ಅಡುಗೆ ಎಣ್ಣೆ ಹಾಕಬೇಡಿ, ಚರ್ಮದೊಳಗೆ ಸೇರಿ ಕಮಟುತ್ತದೆ. ಧೂಳು ಒರೆಸಿದ ಚಪ್ಪಲಿಗೆ ಹತ್ತಿ ಬಟ್ಟೆಯಲ್ಲಿ ತುಂಬ ತೆಳುವಾಗಿ ಸವರಿ, ಅರ್ಧ ಗಂಟೆ ಬಿಟ್ಟು ಒಣಬಟ್ಟೆಯಿಂದ ಉಜ್ಜಿ. ಚರ್ಮದ ಬಣ್ಣ ಸ್ವಲ್ಪ ಗಾಢವಾಗುತ್ತದೆ, ಹಾಗಾಗಿ ಮೊದಲು ಕಾಣದ ಜಾಗದಲ್ಲಿ ಹಚ್ಚಿ ನೋಡಿ. ಮೆತ್ತನೆ ನೂಲೆದ್ದ ಸ್ವೇಡ್ ಚರ್ಮಕ್ಕೆ ಇದು ಬೇಡ. ಹಚ್ಚಿದ ಮಾತ್ರಕ್ಕೆ ಮಳೆಯಲ್ಲಿ ಹಾಕಿಕೊಂಡು ತಿರುಗಬಹುದು ಅಂತಲೂ ಅಲ್ಲ. ನಾಲ್ಕು ಹನಿ ಬಿದ್ದರೆ ತಡೆಯುತ್ತದೆ, ಅಷ್ಟೇ.

ಹಳೆಯ ಪಾಲಿಶ್ ವಿಧಾನಗಳಲ್ಲಿ ಟರ್ಪೆಂಟೈನ್ ಸೇರಿಸುತ್ತಾರೆ. ಅದರ ಆವಿ ಗ್ಯಾಸ್ ಉರಿಗೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ಅದನ್ನು ಮಾಡಬೇಡಿ.

ಬಿಸಿ ಮೇಣದ ಶಾಖ

ಬೋರಿಸ್ಲಾವ್ ಪಕ್ಕದಲ್ಲೇ ತ್ರುಸ್ಕಾವೆಟ್ಸ್ ಎಂಬ ಆರೋಗ್ಯಧಾಮಗಳ ಊರಿದೆ. ಅಲ್ಲಿ ಕೀಲುನೋವಿಗೆ ಬಿಸಿ ಓಜೋಕೆರೈಟ್ ಹಾಕುವ ಚಿಕಿತ್ಸೆ ಹೆಸರುವಾಸಿ. ಸೋವಿಯತ್ ಕಾಲದಲ್ಲಿ ಇದು ಆ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಇತ್ತು. ಕರಗಿಸಿದ ಕಪ್ಪು ಮೇಣವನ್ನು ತಟ್ಟೆಯಲ್ಲಿ ಹರಡಿ, ಸುಮಾರು 45–50 ಡಿಗ್ರಿಗೆ ಆರಿದ ಮೇಲೆ ಹಾಳೆಯಂತೆ ಎತ್ತಿ ಮಂಡಿ, ಬೆನ್ನಿಗೆ ಹಾಕಿ ಕಂಬಳಿ ಸುತ್ತುತ್ತಾರೆ. ಈ ಮೇಣ ಬಿಸಿಯನ್ನು ತುಂಬ ನಿಧಾನಕ್ಕೆ ಬಿಟ್ಟುಕೊಡುತ್ತದೆ, ಹಾಗಾಗಿ ಶಾಖ ಬಹಳ ಹೊತ್ತು ಒಂದೇ ಸಮನೆ ಸಿಗುತ್ತದೆ. ನಮ್ಮಲ್ಲಿ ಫಿಸಿಯೋಥೆರಪಿ ಕೇಂದ್ರಗಳಲ್ಲಿ ಪ್ಯಾರಾಫಿನ್ ಬಳಸಿ ಮಾಡುವ ವ್ಯಾಕ್ಸ್ ಬಾತ್ ಇದರ ಹತ್ತಿರದ ಸಂಬಂಧಿ.

ಇದನ್ನು ಮನೆಯಲ್ಲಿ ಪ್ರಯತ್ನಿಸಬೇಡಿ ಎಂದೇ ಹೇಳುತ್ತೇನೆ. ಮೇಲೆ ಆರಿದಂತೆ ಕಂಡ ಮೇಣ ಒಳಗೆ ಇನ್ನೂ ಸುಡುತ್ತಿರುತ್ತದೆ. ಅದು ಚರ್ಮಕ್ಕೆ ಅಂಟಿದರೆ ಕೊಡವಿದರೂ ಬಿಡುವುದಿಲ್ಲ. ಮುಟ್ಟಿದ್ದು ಗೊತ್ತಾಗದ ಕಾಲು, ಗಾಯ, ಊತ, ಜ್ವರ ಇರುವವರಿಗೆ, ಗರ್ಭಿಣಿಯರಿಗೆ ಶಾಖ ಬೇಕೋ ಬೇಡವೋ ಎಂದು ಡಾಕ್ಟರೇ ಹೇಳಬೇಕು. ಬೇಕೆನಿಸಿದರೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ.

ಅಪಾಯ ಆಗದಂತೆ, ಪಾತ್ರೆ ಹಾಳಾಗದಂತೆ

ಮೇಣ ಒಲೆಯ ಮೇಲಿರುವಾಗ ಫೋನ್ ಬಂತು ಅಂತ ಎದ್ದು ಹೋಗಬೇಡಿ. ಮಕ್ಕಳನ್ನು ಅಡುಗೆಮನೆಯಿಂದ ಆಚೆ ಕಳಿಸಿ. ಕೆಳಪಾತ್ರೆಯ ನೀರು ಇಂಗಿಹೋಗದಂತೆ ನೋಡುತ್ತಿರಿ. ಅಕಸ್ಮಾತ್ ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಎರಚಲೇಬೇಡಿ, ಉರಿಯುವ ಮೇಣ ಮನೆ ತುಂಬ ಚಿಮ್ಮುತ್ತದೆ. ಗ್ಯಾಸ್ ಆರಿಸಿ, ದೊಡ್ಡ ಮುಚ್ಚಳದಿಂದ ಪಾತ್ರೆ ಮುಚ್ಚಿ, ಪೂರ್ತಿ ಆರುವವರೆಗೆ ಮುಚ್ಚಳ ತೆಗೆಯಬೇಡಿ. ಅದಕ್ಕೇ ಶುರು ಮಾಡುವ ಮೊದಲೇ ಸರಿಯಾದ ಗಾತ್ರದ ಮುಚ್ಚಳ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಕೈಮೇಲೆ ಬಿಸಿ ಮೇಣ ಬಿದ್ದರೆ ಕಿತ್ತು ತೆಗೆಯಲು ಹೋಗದೆ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರಿನ ಕೆಳಗೆ ಹಿಡಿಯಿರಿ. ಬೊಬ್ಬೆ ಎದ್ದರೆ ಆಸ್ಪತ್ರೆಗೆ ಹೋಗಿ.

ಪಾತ್ರೆ ತೊಳೆಯುವ ಮೊದಲು, ಬಿಸಿ ಇರುವಾಗಲೇ ಹಳೆಯ ನ್ಯೂಸ್‌ಪೇಪರ್‌ನಿಂದ ಚೆನ್ನಾಗಿ ಒರೆಸಿ. ಉಳಿದ ಜಿಡ್ಡಿಗೆ ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿ, ಬಿಸಿ ಮಾಡಿ, ಮತ್ತೆ ಒರೆಸಿ. ಆಮೇಲೆ ಸೋಪು, ಬಿಸಿನೀರು. ಕರಗಿದ ಮೇಣವನ್ನು ಸಿಂಕಿಗೆ ಸುರಿದರೆ ಪೈಪಿನೊಳಗೆ ಹೋಗಿ ಗಟ್ಟಿಯಾಗುತ್ತದೆ. ಈ ಮೇಣ ಸೋಡಾಕ್ಕೂ ಜಗ್ಗುವುದಿಲ್ಲ, ಆಮ್ಲಕ್ಕೂ ಜಗ್ಗುವುದಿಲ್ಲ. ಪೈಪು ಬಿಚ್ಚಿಸಬೇಕಾಗುತ್ತದೆ. ಒರೆಸಿದ ಕಾಗದ ಒಣಕಸದ ಬುಟ್ಟಿಗೆ ಹೋಗಲಿ.

ಉಳಿದ ಓಜೋಕೆರೈಟ್ ಹರಳನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಕರಗುವ ಬಿಸಿ ಎಷ್ಟು ಎಂದು ನೀವು ಪರೀಕ್ಷಿಸಿ ಬರೆದಿಟ್ಟ ಅಂಕಿಯನ್ನು ಡಬ್ಬಿಯ ಮೇಲೆ ಅಂಟಿಸಿ. ಬಿಸಿಲು ಬೀಳದ ಕಡೆ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಮುಂದಿನ ಸಲ ಬೇರೆ ಪ್ಯಾಕೆಟ್ ತಂದಾಗ ಅದನ್ನು ಹಳೆಯದರ ಜೊತೆ ಬೆರೆಸಬೇಡಿ. ಮೊದಲು ಅದರ ಅಂಕಿಯನ್ನೂ ನೋಡಿಕೊಂಡು ಅಳತೆ ಹೊಂದಿಸಿಕೊಳ್ಳಿ.